ನಲವತ್ತೆರಡು ಪೌಂಡ್ ಗಾಳಿ

ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಟೈರಿನ ಗಾಳಿ ನೋಡುವ ಗೇಜುಗಳು ಏಳಿದ್ದವು. ಅವು ನೋಡಬೇಕಾಗಿದ್ದ ಟೈರುಗಳು ಎರಡು. ಸ್ಟೆಪ್ನಿ ಸೇರಿಸಿಕೊಂಡರೆ ಮೂರು. ಜೀಪಿನ ಟೈರುಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೆ ಪಂಕ್ಚರ್ ಅಂಗಡಿಯವನು ಹೊಡೆದದ್ದೇ ಗಾಳಿ. ಏಳು ಗೇಜಿನ ಮರ್ಯಾದೆ ಸಿಗುತ್ತಿದ್ದದ್ದು ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತಬೇಕಿದ್ದ, ಆದರೆ ಒಂದು ವರ್ಷವಾದರೂ ಪಕ್ಕದ ಆನೇಕಲ್ಲನ್ನೂ ಕಾಣದಿದ್ದ ನಮ್ಮ ಟ್ರೈಲರಿಗೆ.

ನಮ್ಮ ಯಜಮಾನರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಮಾಡಿದವರು ಅನ್ನುವುದು ಪೂರ್ತಿ ಸರಿಯಲ್ಲ. ಬೇರೆಯವರು ಮಾಡಿದ್ದನ್ನು ಅಳೆದವರು. ಅದರಲ್ಲೂ ಇವರಿದ್ದದ್ದು ಅಳೆಯುವ ಸಾಮಾನುಗಳನ್ನೇ ಅಳೆಯುವ ಕೋಣೆಯಲ್ಲಿ. ಅಲ್ಲಿ ವರ್ಷವಿಡೀ ಏಸಿ. ಶಾಖಕ್ಕೆ ಕಬ್ಬಿಣ ಹಿಗ್ಗಿ ಅಳತೆ ತಪ್ಪಬಾರದಂತೆ. ಏಪ್ರಿಲ್ ತಿಂಗಳಲ್ಲಿ ಇಡೀ ಕಾರ್ಖಾನೆ ಬೆವರುತ್ತಿದ್ದರೆ ಇವರು ನಾನು ಹೆಣೆದುಕೊಟ್ಟ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. ಯಾರಾದರೂ ಒಂದು ಅಳತೆ ಹೇಳಿದರೆ ಇವರು ನಂಬಿದ್ದನ್ನು ನಾನು ನೋಡಿಲ್ಲ. ಮೇಲಧಿಕಾರಿ ಹೇಳಿದರೂ ಅಷ್ಟೆ, ತಾವೇ ಎದ್ದು ಹೋಗಿ ಮತ್ತೊಮ್ಮೆ ನೋಡಿ ಬರುತ್ತಿದ್ದರು. ನಾನು ಕುಕ್ಕರ್ ಮೂರು ಸಲ ಕೂಗಿತು ಅಂದರೆ, ‘ಮೂರೇನಾ?’ ಅನ್ನುತ್ತಿದ್ದರು.

ಇಂಥವರ ಜೊತೆ ಇಪ್ಪತ್ತೊಂಬತ್ತು ವರ್ಷ ಕ್ವಾರ್ಟರ್ಸಿನಲ್ಲಿದ್ದೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರು ಬ್ಲಾಕಿನ ಅಡುಗೆಮನೆಯ ಕಿಟಕಿ. ಅವರ ಮನೆಯಲ್ಲಿ ಏನು ಸಾರು ಅಂತ ನನಗೆ ಗೊತ್ತಾಗುತ್ತಿತ್ತು, ನಮ್ಮದು ಅವರಿಗೆ. ಬೇರೆ ದೂರೇನೂ ಇಲ್ಲ. ಒಂದೇ ಒಂದು ದಿನವಾದರೂ ಬೆಳಿಗ್ಗೆ ಎದ್ದು, ಕಾಫಿ ಮಾಡಿಕೊಂಡು, ಬಾಗಿಲು ತೆರೆದರೆ ಎದುರಿಗೆ ಹೊಳೆ ಕಾಣಬೇಕು ಅನ್ನುವುದೊಂದು ಆಸೆ ನನಗೆ. ಕಾಫಿ ನನ್ನ ಕೈಯದೇ ಆಗಬೇಕು, ಲಾಡ್ಜಿನ ಫ್ಲಾಸ್ಕಿನದ್ದಲ್ಲ. ಇದನ್ನು ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ರಿಟೈರ್ ಆದ ಮೇಲೆ ನೋಡೋಣ ಅಂದಿದ್ದರು. ಎಲ್ಲ ಗಂಡಸರೂ ಹೀಗೆ ಅನ್ನುತ್ತಾರೆ. ಇವರು ಅದನ್ನು ನೆನಪಿಟ್ಟುಕೊಂಡಿದ್ದರು ಅನ್ನುವುದು ವಿಆರ್‌ಎಸ್ ತಗೊಂಡ ವಾರಕ್ಕೆ ನನಗೆ ಗೊತ್ತಾಯಿತು. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಒಂದು ಹಾಳೆ ಬಿಡಿಸಿದರು. ಅದರಲ್ಲಿ ಎರಡು ಚಕ್ರದ ಮೇಲೊಂದು ಮನೆ ಇತ್ತು.

ಅದನ್ನು ಕಟ್ಟಿದ್ದು ಪೀಣ್ಯದಲ್ಲಿ. ಇವರ ಜೊತೆಗೇ ಕಾರ್ಖಾನೆಯಲ್ಲಿದ್ದು, ಮೊದಲೇ ಹೊರಬಂದು ವೆಲ್ಡಿಂಗ್ ಶೆಡ್ ಹಾಕಿದ್ದ ಸ್ನೇಹಿತರೊಬ್ಬರಿದ್ದರು. ಎಂಟು ತಿಂಗಳು ಹಿಡಿಯಿತು. ಒಂದೊಂದು ಬೆಸುಗೆಯನ್ನೂ ಇವರು ಎರಡೆರಡು ಸಲ ರಿಜೆಕ್ಟ್ ಮಾಡಿದರು. ಸ್ನೇಹ ಮುರಿಯಲಿಲ್ಲ, ಆ ಪುಣ್ಯಾತ್ಮರಿಗೆ ಇದು ಮೂವತ್ತು ವರ್ಷದ ಅಭ್ಯಾಸ. ಕೊನೆಗೆ ಒಂದು ಮಂಚ, ಒಂದು ಕಡಪ ಕಲ್ಲಿನ ಅಡುಗೆಕಟ್ಟೆ, ನೀರಿನ ಟ್ಯಾಂಕು, ಮಡಚುವ ಮೆಟ್ಟಿಲು, ಅಲ್ಯೂಮಿನಿಯಂ ತಗಡಿನ ಗೋಡೆ ಇರುವ ಗಾಡಿಯೊಂದು ತಯಾರಾಯಿತು. ಅಷ್ಟು ಹೊತ್ತಿಗೆ ನಾವು ಸಿಂಗಸಂದ್ರದಲ್ಲಿ, ನಮ್ಮಪ್ಪ ನನ್ನ ಪಾಲಿಗೆ ಬಿಟ್ಟಿದ್ದ ಸೈಟಿನಲ್ಲಿ ಮನೆ ಕಟ್ಟಿಕೊಂಡು ಬಂದಿದ್ದೆವು. ಪಕ್ಕದಲ್ಲೇ ನನ್ನ ತಮ್ಮ. ಹೊಲ ಇದ್ದ ಕಡೆ ಅಪಾರ್ಟ್‌ಮೆಂಟು ಬಂದ ಮೇಲೆ ಅವನು ಬೋರ್‌ವೆಲ್ ನೀರನ್ನು ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಅದೇ ಅಪಾರ್ಟ್‌ಮೆಂಟುಗಳಿಗೆ ಹಾಕುತ್ತಿದ್ದ. ಅವನ ಟ್ಯಾಂಕರುಗಳ ಪಕ್ಕದಲ್ಲಿ ನಮ್ಮ ಗಾಡಿಯೂ ನಿಂತಿತು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಗಾಡಿ ಬಿಳಿ ಬಣ್ಣದ್ದು ಅನ್ನುವುದು ಒರೆಸಿದ ದಿನ ಮಾತ್ರ ಗೊತ್ತಾಗುತ್ತಿತ್ತು.

ಮೊದಲ ಪ್ರಯಾಣ ಸಂಗಮಕ್ಕೆ ಅಂತ ತೀರ್ಮಾನವಾಗಿತ್ತು. ಆನೇಕಲ್ ಮೇಲೆ ಕನಕಪುರ, ಅಲ್ಲಿಂದ ಕಾವೇರಿ ದಂಡೆ. ನಿಧಾನವಾಗಿ ಹೋದರೂ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಉಳಿದಿದ್ದದ್ದು ಒಂದೇ ಪ್ರಶ್ನೆ. ಟ್ರೈಲರಿನ ಟೈರಿಗೆ ಗಾಳಿ ಎಷ್ಟು ಹಾಕಬೇಕು?

ಇದು ಪ್ರಶ್ನೆ ಅಂತಲೇ ನನಗೆ ಗೊತ್ತಿರಲಿಲ್ಲ. ಟೈರಿನ ಮೇಲೆ ಒಂದು ಅಂಕಿ ಅಚ್ಚು ಹಾಕಿರುತ್ತಾರಲ್ಲ, ಅಷ್ಟು ಹಾಕಿದರಾಯಿತು ಅಂದೆ. ಅದು ಟೈರು ತಡೆದುಕೊಳ್ಳುವ ಗರಿಷ್ಠ, ನಾವು ಹಾಕಬೇಕಾದ್ದಲ್ಲ ಅಂದರು. ಗಾಳಿ ಹೆಚ್ಚಾದರೆ ಗಾಡಿ ಒಂದೊಂದು ರೋಡ್ ಹಂಪಿಗೂ ಕುಪ್ಪಳಿಸಿ ಒಳಗಿರುವ ಪಾತ್ರೆ ಪಡಗ ಎಲ್ಲ ನೆಲಕ್ಕೆ. ಕಮ್ಮಿಯಾದರೆ ಟೈರಿನ ಪಕ್ಕ ಬಗ್ಗಿ ಬಗ್ಗಿ ಕಾದು ದಾರಿಯಲ್ಲೇ ಸಿಡಿಯುತ್ತದೆ. ಅದೂ ಹಿಂದಿನ ಗಾಡಿಯದು ಸಿಡಿದರೆ ಓಡಿಸುವವನಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹೀಗೆ ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಹೊಸೂರು ರಸ್ತೆಯ ಟೈರಂಗಡಿಯವನು ಅರವತ್ತು ಹಾಕಿ ಸಾರ್, ಕಣ್ಮುಚ್ಕೊಂಡು ಹೋಗಿ ಅಂದ. ಜೀಪ್ ಮೆಕ್ಯಾನಿಕ್ಕು ಮೂವತ್ತು ಸಾಕು ಅಂದ. ನನ್ನ ತಮ್ಮ ಚಪ್ಪಲಿ ಕಾಲಲ್ಲಿ ಟೈರಿಗೊಂದು ಒದ್ದ. ‘ನಮ್ ಟ್ಯಾಂಕ್ರುಗೆಲ್ಲಾ ಇಂಗೇ ಭಾವ. ಒದ್ರೆ ಕಾಲ್ ನೋಯ್ಬೇಕು, ಅಷ್ಟೇಯ,’ ಅಂದ. ಆಯುಧಪೂಜೆಗೆ ತೆಗೆದ ಫೋಟೋ ಒಂದಿದೆ, ಅದರಲ್ಲಿ ಗಾಡಿಗೆ ಹೂವಿನ ಹಾರ, ಬಾಳೆಕಂದು, ಚಕ್ರದಡಿ ನಿಂಬೆಹಣ್ಣು, ಚಕ್ರದ ಪಕ್ಕದಲ್ಲಿ ಗೇಜು ಹಿಡಿದು ಕುಕ್ಕರುಗಾಲಲ್ಲಿ ಕೂತ ಇವರು.

ಕೊನೆಗೆ ಪೀಣ್ಯದ ಸ್ನೇಹಿತರೇ ಫೋನಿನಲ್ಲಿ ದಾರಿ ತೋರಿಸಿದರು. ಎಷ್ಟು ಭಾರ ಹೊರುತ್ತದೋ ಅಷ್ಟಕ್ಕೆ ತಕ್ಕ ಗಾಳಿ, ಮೊದಲು ತೂಕ ಮಾಡಿಸಿ, ಒಂದೊಂದು ಚಕ್ರವನ್ನೂ ಬೇರೆ ಬೇರೆ. ಸರಿ, ನಿಜವಾಗಿ ಹೊರಡುವ ಹಾಗೆಯೇ ಗಾಡಿಗೆ ಎಲ್ಲವನ್ನೂ ತುಂಬಬೇಕು ಅಂದರು ಇವರು. ಸಿಲಿಂಡರು, ಅಕ್ಕಿ, ಬೇಳೆ, ಹಾಸಿಗೆ, ಕೊಡಗಳು, ಟ್ಯಾಂಕಿನ ತುಂಬ ನೀರು. ಉಪ್ಪಿನಕಾಯಿ ಜಾಡಿ ಬಿಟ್ಟಿದ್ದೆ, ನನ್ನನ್ನು ವಾಪಸ್ ಕಳಿಸಿ ಅದನ್ನೂ ತರಿಸಿದರು. ವೇ ಬ್ರಿಡ್ಜಿಗೆ ಗಾಡಿಯನ್ನು ಎಳೆದುಕೊಂಡು ಹೋಗಿದ್ದು ತಮ್ಮನ ಟ್ರ್ಯಾಕ್ಟರು. ಜೀಪಿನ ಕ್ಲಚ್ಚು ಗಟ್ಟಿಯಾಗಿದೆ ಅಂದಿದ್ದರು ಇವರು. ಅಲ್ಲಿ ಜಲ್ಲಿ ತುಂಬಿದ ಲಾರಿಗಳ ಸಾಲಿನಲ್ಲಿ ನಾವೂ ನಿಂತು, ಮೊದಲು ಎಡ ಚಕ್ರ, ಆಮೇಲೆ ಬಲ ಚಕ್ರ ತೂಗಿಸಿಕೊಂಡೆವು. ಅಡುಗೆಕಟ್ಟೆ, ಸಿಲಿಂಡರು, ನೀರು ಎಲ್ಲ ಎಡಗಡೆ ಇದ್ದದ್ದರಿಂದ ಎಡಗಡೆ ಎಪ್ಪತ್ತು ಕೇಜಿ ಜಾಸ್ತಿ. ಭಾರ ಇರುವ ಕಡೆಗೆ ಎಷ್ಟು ಬೇಕೋ ಎರಡೂ ಕಡೆಗೆ ಅಷ್ಟೇ ಹಾಕಬೇಕಂತೆ. ಟೈರು ಕಂಪನಿಯ ಪಟ್ಟಿ ತರಿಸಿ, ಬೆರಳಿಟ್ಟು ಹುಡುಕಿ, ನನ್ನ ಕೈಲೂ ಓದಿಸಿ, ನಲವತ್ತೆರಡು ಪೌಂಡ್ ಅಂತ ತೀರ್ಮಾನಿಸಿದರು. ಬೆಳಿಗ್ಗೆ, ಬಿಸಿಲು ಬೀಳುವ ಮುಂಚೆ, ಟೈರು ತಣ್ಣಗಿದ್ದಾಗ ನಲವತ್ತೆರಡು.

ನಾನು ಹೊಸ ಕಾಫಿ ಫಿಲ್ಟರ್ ತಂದೆ, ಗಾಡಿಗೆ ಅಂತಲೇ ಚಿಕ್ಕದು.

ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಮೂವತ್ತೆಂಟು. ಸಂಜೆ ತಮ್ಮನ ಕೈಲಿ ತುಂಬಿಸಿದರು. ಅದರ ಮಾರನೆಯ ದಿನ ನಲವತ್ತಾರು. ಬಿಡಿಸಿದರು. ಆಮೇಲೆ ಮೂವತ್ತೊಂಬತ್ತು. ‘ಇಂಥಾ ಟೈರ್ ನಂಬ್ಕೊಂಡು ಹೆಂಗೆ ಹೊರಡೋದು?’ ಅಂದರು. ನ್ಯಾಯವಾದ ಮಾತೇ.

ಅವರ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಒಂದೇ ವಸ್ತುವಿನ ಅಳತೆ ದಿನಕ್ಕೊಂದು ಬಂದರೆ ಅನುಮಾನಿಸಬೇಕಾದದ್ದು ಮೂರನ್ನು, ಅದೂ ಇದೇ ಕ್ರಮದಲ್ಲಿ. ಮೊದಲು ವಸ್ತು, ಆಮೇಲೆ ಅಳೆಯುವ ಸಾಧನ, ಕೊನೆಗೆ ಅಳೆಯುವ ಮನುಷ್ಯ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಇದನ್ನೇ ಹೇಳಿಕೊಡುತ್ತಿದ್ದರಂತೆ. ಈಗಲೂ ಹಾಗೇ ಶುರು ಮಾಡಿದರು. ವಾಲ್ವಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ಅಂತ ನನ್ನನ್ನು ನೋಡಲು ಹೇಳಿದರು. ಬರಲಿಲ್ಲ. ಎರಡೂ ಟ್ಯೂಬು ಬದಲಾಯಿಸಿದರು. ಎರಡೂ ಚಕ್ರಕ್ಕೆ ಗೋಣಿಚೀಲ ಮುಚ್ಚಿ ಬಿಸಿಲು ತಪ್ಪಿಸಿದರು. ಆದರೂ ಮೂವತ್ತೇಳು, ನಲವತ್ತೈದು, ನಲವತ್ತು.

ಆಮೇಲೆ ಗೇಜು. ಒಂದು ಸರಿಯಿಲ್ಲ ಅಂತ ಇನ್ನೊಂದು, ಅದೂ ಸರಿಯಿಲ್ಲ ಅಂತ ಮತ್ತೊಂದು, ಹೀಗೆ ಏಳಾದವು. ಬರುಬರುತ್ತಾ ಗೇಜಿನ ಮುಖ ದೊಡ್ಡದಾಗುತ್ತಾ ಹೋಯಿತು. ಕೊನೆಯದು ನಮ್ಮ ಒಗ್ಗರಣೆ ಸೌಟಿಗಿಂತ ದೊಡ್ಡದಿತ್ತು. ನಾನು ಇದನ್ನು ಗಮನಿಸಿದೆ, ದೊಡ್ಡದಾದಷ್ಟೂ ಒಳ್ಳೆಯದಿರಬೇಕು ಅಂದುಕೊಂಡೆ. ಏಳನ್ನೂ ಬಟ್ಟೆಯಲ್ಲಿ ಸುತ್ತಿ ಪೀಣ್ಯದ ಪರೀಕ್ಷಾ ಲ್ಯಾಬಿಗೆ ಕಳಿಸಿದರು. ಏಳಕ್ಕೂ ಏಳು ಸರ್ಟಿಫಿಕೇಟ್ ಬಂದವು. ಏಳೂ ಸರಿಯಾಗಿವೆ.

ಆ ಸರ್ಟಿಫಿಕೇಟುಗಳನ್ನು ಫೈಲಿನಲ್ಲಿ ಹಾಕಿ, ಲ್ಯಾಬೇ ಸರಿಯಿಲ್ಲ ಅಂದರು.

ಇಷ್ಟರಲ್ಲಿ ಬೇಸಿಗೆ ಬಂತು, ಹೋಯಿತು. ಮಳೆಗಾಲದಲ್ಲಿ ಹೊಳೆ ದಂಡೆ ಬೇಡ ಅಂದರು. ನನ್ನ ಕಾಫಿ ಫಿಲ್ಟರು ಡಬ್ಬದಲ್ಲೇ ಕೂತಿತ್ತು. ತಮ್ಮ ದಿನಾ ಟ್ಯಾಂಕರು ತೆಗೆಯುವಾಗ, ‘ಏನಕ್ಕಯ್ಯಾ, ಗಾಳಿ ಬಂತಾ?’ ಅಂತ ಕೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯನಿಗೆ ನನ್ನನ್ನು ಕರೆದುಕೊಂಡು ಹೋಗುವ ಮನಸ್ಸೇ ಇಲ್ಲ, ಅದಕ್ಕೆ ಟೈರಿನ ನೆಪ ಅಂತಲೇ ತಿಳಿದಿದ್ದೆ. ಅರ್ಧ ಸರಿಯಾಗಿಯೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೂತಿದ್ದವಳು ಹಾಗೇ ಕನ್ನಡಕ ಹಾಕಿಕೊಂಡೇ ಇವರಿಗೆ ಕಾಫಿ ಕೊಡಲು ಹೋದೆ. ಇವರು ಗೇಜು ಒತ್ತಿ ಹಿಡಿದು, ಕತ್ತು ಹಿಂದೆ ಮುಂದೆ ಮಾಡಿ ನೋಡಿ, ‘ಮೂವತ್ತಾರು’ ಅಂದರು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಮುಳ್ಳು ನಲವತ್ತೆರಡರ ಗೆರೆಯ ಮೇಲೆ ನಿಂತಿತ್ತು.

ಕಾಫಿ ಲೋಟ ಅಲ್ಲೇ ಇಟ್ಟು ಒಳಗೆ ಹೋದೆ. ಇಷ್ಟು ವರ್ಷ ಇವರ ಜೊತೆ ಬಾಳಿದ್ದರಿಂದ ಒಂದು ಸಲ ನೋಡಿದ್ದನ್ನು ನಾನೂ ನಂಬುತ್ತಿರಲಿಲ್ಲ. ಮಾರನೆಯ ದಿನ ಬೇಕೆಂದೇ ಅದೇ ಹೊತ್ತಿಗೆ ಕಾಫಿ ತಂದೆ. ಮುಳ್ಳು ನಲವತ್ತೆರಡು, ಇವರ ಬಾಯಲ್ಲಿ ನಲವತ್ತೇಳು. ಹಿಂದಿನ ಸಂಜೆ ಮೂವತ್ತಾರು ಅಂತ ಗಾಳಿ ತುಂಬಿಸಿದ್ದರಲ್ಲ ಅಂತ ತಮ್ಮನನ್ನು ಕೇಳಿದೆ. ‘ಭಾವ ಯೋಳ್ತಾರೆ, ನಾನ್ ಪಂಪ್ ಇಟ್ಟಂಗ್ ಮಾಡಿ ತೆಗೀತೀನಿ. ಬಿಡು ಅಂದ್ರೆ ಬಿಟ್ಟಂಗ್ ಮಾಡ್ತೀನಿ. ಟೈರು ಕಲ್ಲಂಗೈತೆ, ಅದುಕ್ಕೇನ್ ತುಂಬ್ಸೋದು?’ ಅಂದ. ಮೂರನೆಯ ದಿನವೂ ನಲವತ್ತೆರಡೇ ಇತ್ತು. ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲಿ ಮೂರೂ ದಿನದ್ದು ಬರೆದಿಟ್ಟೆ. ಟೈರು ಸರಿಯಾಗಿತ್ತು. ಗೇಜೂ ಸರಿಯಾಗಿತ್ತು.

ಆಮೇಲೆ ಒಂದೊಂದೇ ನೆನಪಾದವು. ಪೇಪರಿನಲ್ಲಿ ಓದುವಂಥದ್ದೇನೂ ಬರುವುದಿಲ್ಲ ಅಂತ ಪೇಪರು ನಿಲ್ಲಿಸಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹುಡುಕಿ ಕೊಡು ಅನ್ನುತ್ತಿದ್ದರು, ಎದುರಿಗೇ ಇರುತ್ತಿದ್ದವು. ಜೀಪಿನ ಕ್ಲಚ್ಚು ಒಂದು ವರ್ಷದಿಂದ ಗಟ್ಟಿಯಾಗಿಯೇ ಇತ್ತು, ಅದನ್ನು ಯಾರೂ ರಿಪೇರಿಗೆ ಕೊಟ್ಟಿರಲಿಲ್ಲ. ಇವೆಲ್ಲ ರಿಟೈರಾದ ಗಂಡಸಿನ ಸಿಡಿಮಿಡಿ ಅಂತ ನಾನು ಉದಾಸೀನ ಮಾಡಿದ್ದೆ. ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಯೋಚಿಸುವಾಗ ಮೊದಲು ಬಂದದ್ದು ಕೋಪ. ಅದು ಭಯ ಅಂತ ಆಮೇಲೆ ಗೊತ್ತಾಯಿತು.

ನಾಲ್ಕನೆಯ ಬೆಳಿಗ್ಗೆ ಹೋಗಿ ಗೇಜಿಗೆ ಕೈ ಚಾಚಿದೆ.

‘ಕೊಡಿ ಇಲ್ಲಿ.’

‘ಇದು ಆಟದ ಸಾಮಾನಲ್ಲ ಕಣೇ.’

‘ಗೊತ್ತು ಕೊಡಿ. ಮೂವತ್ತು ವರ್ಷದಿಂದ ಕೇಳ್ತಿದೀನಿ.’

ಕೂತು, ವಾಲ್ವಿಗೆ ಒತ್ತಿ, ನೋಡಿ ಹೇಳಿದೆ. ‘ನಲವತ್ತೆರಡು.’

‘ಸರಿಯಾಗಿ ನೋಡು. ಕಣ್ಣು ನೇರಕ್ಕಿಟ್ಟು ನೋಡ್ಬೇಕು.’

‘ನೇರಕ್ಕೇ ನೋಡ್ದೆ. ನಿಮಗೆ ಇದ್ರಲ್ಲಿ ಮುಳ್ಳು ಕಾಣ್ಸುತ್ತೇನ್ರೀ?’

ತಮ್ಮನ ಬೋರ್‌ವೆಲ್ಲಿನಿಂದ ಟ್ಯಾಂಕರಿಗೆ ನೀರು ಬೀಳುತ್ತಿತ್ತು. ಅದು ತುಂಬುವವರೆಗೂ ಇವರು ವಾಲ್ವಿನ ಮುಚ್ಚಳವನ್ನು ಬೆರಳಲ್ಲಿ ಉರುಳಿಸುತ್ತಾ ಕೂತರು. ತುಂಬುವುದಕ್ಕೆ ಹತ್ತು ನಿಮಿಷವಾದರೂ ಬೇಕು. ನಾನೂ ಏಳಲಿಲ್ಲ.

‘ಮುಳ್ಳು ಕಾಣ್ಸುತ್ತೆ,’ ಅಂದರು ಕೊನೆಗೆ. ‘ಗೆರೆ ಕಾಣ್ಸಲ್ಲ.’

‘ಯಾವಾಗಿಂದ?’

‘ಗಾಡಿ ಮನೆಗೆ ಬಂದ ತಿಂಗಳಿಂದ.’

‘ಏಳು ಗೇಜ್ ತಂದ್ರಲ್ಲ, ಒಂದು ಕನ್ನಡಕದ ಅಂಗಡಿಗೆ ಹೋಗೋಕೆ ಆಗ್ಲಿಲ್ವಾ?’

‘ಹೋಗಿದ್ದೆ. ಇದು ಕನ್ನಡಕದಲ್ಲಿ ಸರಿಹೋಗೋದಲ್ಲ, ಆಸ್ಪತ್ರೆಗೆ ಹೋಗಿ ಅಂದ.’

‘ಮತ್ತೆ ಯಾಕ್ರೀ ಹೋಗ್ಲಿಲ್ಲ? ಯಾಕೆ ನನಗೊಂದು ಮಾತು ಹೇಳ್ಲಿಲ್ಲ?’ ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. ತಮ್ಮ ಟ್ಯಾಂಕರಿನ ಮೇಲಿಂದ ನೋಡಿ, ಆ ಕಡೆ ತಿರುಗಿಕೊಂಡ.

‘ಹೇಳಿದ್ರೆ ನಿನ್ನ ಹೊಳೆ ಹೋಗ್ತಿತ್ತು. ಹೇಳ್ದೇನೇ ಟೈರ್ ಪಾಸ್ ಮಾಡಿದ್ರೆ ಗಾಡಿ ಹೊರಡ್ಬೇಕಿತ್ತು. ಹೊರಟ್ರೆ ನಾನು ಓಡಿಸ್ಬೇಕಿತ್ತು, ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು.’

ಕಾರ್ಖಾನೆಯಲ್ಲಿ ಒಂದು ಸರಕನ್ನು ಹೊರಗೆ ಬಿಡಲು ಮನಸ್ಸಿಲ್ಲದಿದ್ದರೆ, ಕಾರಣ ಹೇಳಲು ಆಗದಿದ್ದರೆ, ಇವರು ‘ಇನ್ನೊಂದು ಸಲ ಅಳೆಯಬೇಕು’ ಅಂತ ಚೀಟಿ ಬರೆದು ಕಟ್ಟುತ್ತಿದ್ದರಂತೆ. ಅದನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ನನಗೂ ಒಂದು ವರ್ಷ ಅದೇ ಚೀಟಿ ಕಟ್ಟಿದ್ದರು. ಅಲ್ಲೇ ಗೋಣಿಚೀಲದ ಮೇಲೆ ಕೂತು ನಾನು ಅತ್ತೆ. ಅಳು ನಿಂತ ಮೇಲೆ ಬೈದೆ.

ಅವತ್ತೇ ಆಸ್ಪತ್ರೆಗೆ ಹೋದೆವು. ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಜಿನುಗಿದೆ ಅಂದರು ಡಾಕ್ಟರಮ್ಮ. ಒಂದು ವರ್ಷ ಮುಂಚೆ ಬಂದಿದ್ದರೆ ಅಂತ ಶುರು ಮಾಡಿ, ನನ್ನ ಮುಖ ನೋಡಿ, ಮಾತು ಅರ್ಧಕ್ಕೇ ಬಿಟ್ಟರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಲೇಸರ್ ಮಾಡಬೇಕು, ಗಾಡಿ ಓಡಿಸುವಂತಿಲ್ಲ. ಒಂದು ವರ್ಷ ಯಾಕೆ ತಡ ಮಾಡಿದಿರಿ ಅಂತ ಕೇಳಿದರು. ಟೈರಿಗೆ ಗಾಳಿ ಎಷ್ಟು ಹಾಕಬೇಕು ಅಂತ ಗೊತ್ತಾಗಲಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಏನೋ ಕೆಲಸ ಇತ್ತು ಅಂದೆ.

ಲೇಸರ್ ಎಲ್ಲ ಮುಗಿದ ಮೇಲೆ, ಸಂಕ್ರಾಂತಿ ಕಳೆದು ನಾವು ಸಂಗಮಕ್ಕೆ ಹೊರಟೆವು. ಜೀಪು ಓಡಿಸಿದ್ದು ತಮ್ಮ. ಟ್ಯಾಂಕರಿಗೆ ಎರಡು ದಿನ ಬೇರೆಯವರನ್ನು ಹಾಕಿ ಬಂದಿದ್ದ. ಕ್ಲಚ್ಚು ಬೆಣ್ಣೆಯ ಹಾಗಿದೆಯಲ್ಲ ಭಾವ ಅಂತ ಆನೇಕಲ್ ದಾಟುವಾಗ ಅಂದ. ಇವರು ಕಿಟಕಿಯ ಆಚೆ ನೋಡಿದರು. ಹಂಪುಗಳಲ್ಲಿ ಗಾಡಿ ಮೆತ್ತಗೆ ಏರಿ ಇಳಿಯಿತು. ಒಂದು ಲೋಟವೂ ಬೀಳಲಿಲ್ಲ. ರಾತ್ರಿ ತಮ್ಮ ಜೀಪಿನಲ್ಲೇ ಮಲಗಿದ.

ಬೆಳಿಗ್ಗೆ ಎದ್ದು ಕಾಫಿ ಮಾಡಿ ಬಾಗಿಲು ತೆರೆದೆ. ಹೊಳೆ ಇತ್ತು. ಆ ಕಾಲಕ್ಕೆ ನೀರು ಕಮ್ಮಿ. ಬಂಡೆಗಳ ನಡುವೆ ಒಂದಿಷ್ಟು ಹರಿಯುತ್ತಿತ್ತು, ಆಚೆ ದಡದಲ್ಲಿ ಒಂದು ತೆಪ್ಪ ಬೋರಲಾಗಿತ್ತು. ಈಚೆ ದಡದಲ್ಲಿ ಯಾರೋ ಪಿಕ್ನಿಕ್ಕಿಗೆ ಬಂದವರು ಬಿಟ್ಟುಹೋದ ತಟ್ಟೆಗಳು, ಅವನ್ನು ನೆಕ್ಕುವ ಒಂದು ನಾಯಿ. ನನಗೆ ತುಂಬ ಸಂತೋಷವಾಯಿತು. ಇದಕ್ಕಿಂತ ಚೆನ್ನಾಗಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಇವರು ಮೆಟ್ಟಿಲ ಮೇಲೆ ಕೂತು, ಎರಡು ಕೈಯಲ್ಲೂ ಲೋಟ ಹಿಡಿದು, ನೀರಿನ ಸದ್ದಿನ ಕಡೆ ಮುಖ ಮಾಡಿ ಕುಡಿದರು. ‘ಎಷ್ಟಿದೆ ನೀರು?’ ಅಂದರು. ಮೊಣಕಾಲುದ್ದ ಅಂದೆ.

ಅವತ್ತು ಮಧ್ಯಾಹ್ನಕ್ಕೆ ತಮ್ಮನ ಯಾವುದೋ ಅಪಾರ್ಟ್‌ಮೆಂಟಿಗೆ ನೀರು ಹೋಗಲೇಬೇಕಿತ್ತಂತೆ, ಬೇಗ ಹೊರಡಬೇಕು ಅಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಎರಡೂ ಟೈರಿಗೆ ಒಂದೊಂದು ಒದ್ದ. ‘ಗಾಳಿ ಸರಿಗೈತೆ ಭಾವ. ಓಗಾನ ನಡೀರಿ.’

ಇವರು ತೊಡೆಯ ಮೇಲೆ ಗಾಳಿಯ ಲೆಕ್ಕ ಬರೆಯುವ ಡೈರಿ ಇಟ್ಟುಕೊಂಡಿದ್ದರು. ‘ನೀನು ಹೇಳೋದು ಬೇಡ. ಅವಳು ನೋಡಿದಾಳೆ,’ ಅಂದರು.

ನಾನು ನೋಡಿರಲಿಲ್ಲ. ಹೊಳೆ ನೋಡುತ್ತಾ ಮರೆತೇ ಬಿಟ್ಟಿದ್ದೆ. ಲೋಟ ಕೆಳಗಿಟ್ಟು ಗೇಜು ತೆಗೆದುಕೊಂಡು ಎಡಗಡೆಯ ಚಕ್ರದ ಹತ್ತಿರ ಕೂತೆ. ರಾತ್ರಿಯ ಚಳಿಗೆ ಕಮ್ಮಿಯಾಗಿತ್ತೋ ಏನೋ, ಮುಳ್ಳು ಮೂವತ್ತೊಂಬತ್ತರಲ್ಲಿತ್ತು. ನಲವತ್ತೆರಡು ಅಂದುಬಿಡಬಹುದಿತ್ತು. ತಮ್ಮ ಇಂಜಿನ್ನು ಶುರು ಮಾಡಿದ್ದ, ಮೂರು ಪೌಂಡಿಗೆ ಊರೇನೂ ಮುಳುಗುವುದಿಲ್ಲ, ಇವರಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲದ ಅಂಕಿ ಕೇಳಿಕೊಂಡು ಒಂದು ವರ್ಷ ಬದುಕಿದವಳು ನಾನು.

‘ಎಡಗಡೆ ಮೂವತ್ತೊಂಬತ್ತು,’ ಅಂದೆ.

ಕೂತಲ್ಲೇ ಕಾದೆ. ಇವರು ಬಗ್ಗಿ, ಎರಡು ಸಾಲು ಹಿಡಿಯುವಷ್ಟು ದಪ್ಪ ಅಕ್ಷರದಲ್ಲಿ ಬರೆದುಕೊಂಡರು. ಮತ್ತೊಮ್ಮೆ ನೋಡಲು ಎದ್ದು ಬರಲಿಲ್ಲ.

‘ಬಲಗಡೆ?’ ಅಂದರು.